ಡಬ್ಬಿಯಲ್ಲಿ ಬದುಕುವವು, ಹೊಟ್ಟೆಯಲ್ಲಿ ದುಡಿಯುವವು

ಮೊದಲು ಕೇಳಿದವರು ಹಳೇ ಹುಬ್ಬಳ್ಳಿಯಲ್ಲಿ ಮದುವೆ ಮೆರವಣಿಗೆಗೆ ಕುದುರೆ ಬಾಡಿಗೆ ಕೊಡುವ ಒಬ್ಬರು. ಆಮೇಲೆ ಧಾರವಾಡದಲ್ಲಿ ಜೀವವಿಜ್ಞಾನ ಓದುತ್ತಿರುವ ಒಬ್ಬ ಹುಡುಗಿ ಪತ್ರ ಬರೆದಳು. ಮೂರನೆಯವನು ನಮ್ಮ ತಾರಿಹಾಳದ ಹೊಲವೊಂದರಲ್ಲಿ ಕುರಿ ನಿಲ್ಲಿಸಿದ್ದ ಕುರಿಗಾರರ ಮೊಮ್ಮಗ. ಹದಿನೇಳೋ ಹದಿನೆಂಟೋ ವಯಸ್ಸು. ಮೊಬೈಲನ್ನು ನನ್ನ ಕಣ್ಣಿನ ಮುಂದೆ ಹಿಡಿದು, "ಸರ, ಇದನ್ನ ನೋಡ್ರಿ. ಕುದ್ರಿ ಹೊಟ್ಟಿಗೆ ಚೊಲೋ ಬ್ಯಾಕ್ಟೀರಿಯಾ ಅಂತ. ಜೀನೋಮ್ ಸೀಕ್ವೆನ್ಸಿಂಗ್ ಆಗೇತಿ ಅಂತ ಡಬ್ಬಿ ಮ್ಯಾಲ ಬರದಾರ. ನಮ್ಮ ಕುದ್ರಿಗೆ ಹಾಕಿದ್ರ ನಡೀತೈತೇನ್ರಿ?" ಎಂದು ಕೇಳಿದ. ಮೂವರ ಪ್ರಶ್ನೆಯೂ ಒಂದೇ. ಬದುವಿನ ಮೇಲೆ ನಿಂತು ನಾಲ್ಕು ಮಾತಿನಲ್ಲಿ ಹೇಳಿ ಮುಗಿಸುವ ಉತ್ತರ ಅದಕ್ಕಿಲ್ಲ. ಹಾಗಾಗಿ ಈ ವಾರದ ಅಂಕಣ ಅದಕ್ಕೇ ಮೀಸಲು.

ತಾರಿಹಾಳ ಎಂದರೆ ಹೊರಗಿನವರಿಗೆ ಕೈಗಾರಿಕಾ ಪ್ರದೇಶ. ಶೆಡ್ಡು, ಲಾರಿ, ಹತ್ತಿರದಲ್ಲೇ ವಿಮಾನ ನಿಲ್ದಾಣ. ಶೆಡ್ಡುಗಳ ಹಿಂದೆ ಇನ್ನೂ ಹೊಲಗಳಿವೆ, ಸುಗ್ಗಿ ಮುಗಿದ ಮೇಲೆ ಆ ಹೊಲಗಳಿಗೆ ಕುರಿ ಬರುತ್ತವೆ ಎನ್ನುವುದು ಊರಿನವರಿಗೆ ಗೊತ್ತು. ರಾತ್ರಿ ಕುರಿ ಮಲಗಿಸಿದರೆ ಹೊಲಕ್ಕೆ ಗೊಬ್ಬರ, ಕುರಿಗಾರರಿಗೆ ಕಾಳು ಇಲ್ಲವೇ ದುಡ್ಡು. ಕುರಿಯ ಜೊತೆಗೆ ಕುದುರೆಗಳು. ಎತ್ತರ ಕಡಿಮೆ, ಮೂಳೆ ಗಟ್ಟಿ. ಗುಡಾರದ ಬಟ್ಟೆ, ಗೂಟ, ಹಿಟ್ಟಿನ ಚೀಲ, ಪಾತ್ರೆ, ಕಾಲು ಕಟ್ಟಿದ ಕೋಳಿ, ನಿನ್ನೆ ಹುಟ್ಟಿದ ಕುರಿಮರಿ, ಎಲ್ಲವೂ ಅವುಗಳ ಬೆನ್ನ ಮೇಲೆ. ಆರೆಂಟು ತಿಂಗಳು ಊರೂರು ಸುತ್ತುವ ಸಂಸಾರಕ್ಕೆ ಆ ಬೆನ್ನೇ ಮನೆ. ಹುಡುಗನ ಹೆಣ್ಣು ಕುದುರೆಗೆ ವಾರದ ಹಿಂದೆ ಹೊಟ್ಟೆ ಶೂಲೆ ಬಂದು ಹೋಗಿತ್ತು. ನೆಲಕ್ಕೆ ಬಿದ್ದು ಹೊರಳಾಡಿತ್ತು, ತಿರುತಿರುಗಿ ತನ್ನ ಪಕ್ಕೆಯನ್ನೇ ನೋಡುತ್ತಿತ್ತು, ಒಂದು ಹಗಲು ಒಂದು ರಾತ್ರಿ ಸಂಸಾರವೆಲ್ಲ ನಿಂತಲ್ಲೇ ನಿಂತಿತ್ತು. ಆ ದಿಗಿಲಿನಲ್ಲಿ ಅವನು ಮೊಬೈಲಿನಲ್ಲಿ ಹುಡುಕಿ ತೆಗೆದದ್ದು ಆ ಡಬ್ಬಿ.

ನನಗೂ ಇದು ಪಾಠ ಹೇಳಿ ಮುಗಿಸುವ ವಿಷಯವಲ್ಲ. ನಮ್ಮ ಮುತ್ಯಾ ಹುಬ್ಬಳ್ಳಿ ಸ್ಟೇಶನ್ನಿನ ಮುಂದೆ ಟಾಂಗಾ ಹೊಡೆಯುತ್ತಿದ್ದ. ಅವನ ಕುದುರೆಯ ಹೆಸರು ಚಂದ್ರಿ. ಹಣೆಯ ಮೇಲೆ ಬಿಳಿ ಚುಕ್ಕೆ ಇತ್ತು. ದಿನವೂ ಅದಕ್ಕೆ ಕಣಿಕೆ, ಹಸಿ ಹುಲ್ಲು, ಬೇಯಿಸಿದ ಹುರಳಿ ಒಂದಿಷ್ಟು. ಶಿವರಾತ್ರಿಯ ಹೊತ್ತಿಗೆ ಸಿದ್ಧಾರೂಢ ಮಠದ ಜಾತ್ರೆ. ಸ್ಟೇಶನ್ನಿನಿಂದ ಮಠಕ್ಕೆ, ಮಠದಿಂದ ಸ್ಟೇಶನ್ನಿಗೆ ಎರಡು ದಿನ ಚಂದ್ರಿ ನಿಂತದ್ದೇ ಇಲ್ಲ. ತೇರು ಮುಗಿದ ರಾತ್ರಿ ಮುತ್ಯಾ, "ನನ್ನ ಮಗಳು ದಣದಾಳ" ಎನ್ನುತ್ತ ಬುಟ್ಟಿ ತುಂಬ ನೆನೆಸಿದ ಜೋಳ ತಂದು ಇಟ್ಟ. ಅದು ಪೂರ್ತಿ ತಿಂದಿತು. ಮುತ್ಯಾನ ಮುಖದಲ್ಲಿ ಅಷ್ಟು ಸಂತೋಷ ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಮರುದಿನ ಸಂಜೆಗೆ ಚಂದ್ರಿ ಮೇವು ಮೂಸುವುದನ್ನೂ ಬಿಟ್ಟಿತು. ಅದರ ಮರುದಿನ ಮುಂಗಾಲು ಮುಂದಕ್ಕೆ ಚಾಚಿ, ಮೈಭಾರವನ್ನೆಲ್ಲ ಹಿಂಗಾಲಿನ ಮೇಲೆ ಹಾಕಿ ನಿಂತಿತು. ಒಂದು ಹೆಜ್ಜೆ ಎತ್ತಲೂ ಒಲ್ಲದು. ಗೊರಸು ಮುಟ್ಟಿದರೆ ಒಲೆಯ ಕಲ್ಲು ಮುಟ್ಟಿದ ಹಾಗೆ ಬಿಸಿ. ಮೂರನೆಯ ದಿನ ಮಲಗಿತು. ಮತ್ತೆ ಏಳಲಿಲ್ಲ. ಜಾತ್ರೆಯಲ್ಲಿ ದೃಷ್ಟಿ ತಾಗಿತು ಎಂದ ಮುತ್ಯಾ. ಆಮೇಲೆ ಬಹಳ ವರ್ಷ ಬದುಕಿದ, ಲಗಾಮು ಮಾತ್ರ ಹಿಡಿಯಲಿಲ್ಲ. ಆಗ ನನಗೆ ಒಂಬತ್ತು ವರ್ಷ. ಮುಂದೆ ನಾನು ಸೂಕ್ಷ್ಮಜೀವಿಗಳ ಶಾಸ್ತ್ರ ಓದಿ, ಅದನ್ನೇ ಮೂವತ್ತು ವರ್ಷ ಪಾಠ ಮಾಡಿದ್ದಕ್ಕೆ ಆ ಮೂರು ದಿನಗಳೂ ಒಂದು ಕಾರಣ.

ಚಂದ್ರಿಯ ಹೊಟ್ಟೆಯಲ್ಲಿ ಏನಾಯಿತೆಂದು ಹೇಳಬೇಕಾದರೆ ಆಕಳನ್ನು ಪಕ್ಕದಲ್ಲಿಟ್ಟು ಹೋಲಿಸಿ ನೋಡಬೇಕು. ಎರಡೂ ತಿನ್ನುವುದು ಅದೇ ಕಣಿಕೆ. ಕಣಿಕೆಯ ನಾರನ್ನು ಒಡೆಯುವ ಶಕ್ತಿ ಎರಡಕ್ಕೂ ಸ್ವಂತದ್ದಿಲ್ಲ. ಆ ಕೆಲಸ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳದ್ದು. ಆಕಳು ಅವುಗಳನ್ನು ಮುಂದೆಯೇ, ಮೆಲುಕು ಚೀಲದಲ್ಲಿ ಸಾಕಿಕೊಂಡಿದೆ. ಮೇವು ಮೊದಲು ಅಲ್ಲಿ ಹುದುಗುತ್ತದೆ, ಆಮೇಲೆ ಸಣ್ಣ ಕರುಳಿಗೆ ಇಳಿಯುತ್ತದೆ, ಜೊತೆಗೆ ಇಳಿದು ಬಂದ ಬ್ಯಾಕ್ಟೀರಿಯಾಗಳನ್ನೂ ಆಕಳು ಜೀರ್ಣಿಸಿಕೊಳ್ಳುತ್ತದೆ. ಕುದುರೆಯಲ್ಲಿ ಎಲ್ಲ ತಿರುವು ಮುರುವು. ಜಠರ ಚಿಕ್ಕದು, 8ರಿಂದ 15 ಲೀಟರ್ ಹಿಡಿಸಿದರೆ ಹೆಚ್ಚು. ಅದರ ಮುಂದೆ ಇಪ್ಪತ್ತು ಮೀಟರಿನಷ್ಟು ಸಣ್ಣ ಕರುಳು. ಅದನ್ನೂ ದಾಟಿದ ಮೇಲೆ ಒಂದು ತುದಿ ಮುಚ್ಚಿದ, ಸುಮಾರು ಒಂದು ಮೀಟರ್ ಉದ್ದದ ಚೀಲ. ಪಶುವೈದ್ಯರು ಅದನ್ನು ಸೀಕಮ್ ಎನ್ನುತ್ತಾರೆ. ಅದರಲ್ಲಿ ಸುಮಾರು 30 ಲೀಟರ್. ಅಲ್ಲಿಂದ ಮುಂದೆ ದೊಡ್ಡ ಕರುಳು, ಅದರಲ್ಲಿ ಇನ್ನೂ 80 ಲೀಟರ್. ನೂರು ಲೀಟರಿಗೂ ಮಿಕ್ಕಿದ ಈ ಹಂಡೆಯಲ್ಲಿ ನಾರು ಹುದುಗಿ ಅಸಿಟಿಕ್, ಪ್ರೊಪಿಯಾನಿಕ್, ಬ್ಯುಟಿರಿಕ್ ಎಂಬ ಆಮ್ಲಗಳಾಗುತ್ತದೆ. ಕರುಳಿನ ಗೋಡೆ ಅವನ್ನು ಹೀರಿಕೊಳ್ಳುತ್ತದೆ. ಬರೀ ಮೇವಿನ ಮೇಲೆ ಬದುಕುವ ಕುದುರೆಗೆ ಅರ್ಧಕ್ಕಿಂತ ಹೆಚ್ಚು ಕಸುವು ಬರುವುದು ಹೀಗೆ. ಗಾಡಿ ಎಳೆದದ್ದು ಚಂದ್ರಿ ನಿಜ, ಗಾಡಿ ಎಳೆಯುವ ಬಲ ಹುಟ್ಟಿದ್ದು ಆ ಹಂಡೆಯಲ್ಲಿ.

ಜೋಳದ ಹಿಟ್ಟಿನಂಶ ಸಣ್ಣ ಕರುಳಿನಲ್ಲಿಯೇ ಜೀರ್ಣವಾಗಬೇಕು. ಅಳತೆಯ ಕಾಳು ಕೊಟ್ಟರೆ ಆಗುತ್ತದೆ. ಒಂದೇ ಸಲಕ್ಕೆ ಬುಟ್ಟಿಗಟ್ಟಲೆ ಹೋದರೆ ಸಣ್ಣ ಕರುಳಿಗೆ ತಾಳುವುದಿಲ್ಲ, ಮಿಕ್ಕದ್ದೆಲ್ಲ ಹಸಿಯಾಗಿಯೇ ಹಂಡೆಗೆ ಬೀಳುತ್ತದೆ. ಅಲ್ಲಿ ನಾರು ಒಡೆಯುವ ನಿಧಾನದ ಕೆಲಸಗಾರರ ನಡುವೆ ಹಿಟ್ಟಿಗಾಗಿ ಕಾದು ಕೂತ ಕೆಲವರಿರುತ್ತಾರೆ. ಸ್ಟ್ರೆಪ್ಟೊಕಾಕಸ್ ಜಾತಿಯವು, ಲ್ಯಾಕ್ಟೊಬ್ಯಾಸಿಲಸ್ ಜಾತಿಯವು. ಹಿಟ್ಟು ಸಿಕ್ಕಿತೆಂದರೆ ಗಂಟೆಗಳಲ್ಲಿ ಹೆಚ್ಚಿ, ಲ್ಯಾಕ್ಟಿಕ್ ಆಮ್ಲ ಸುರಿಸುತ್ತವೆ. ಹಂಡೆ ಹುಳಿಯಾಗುತ್ತದೆ. ಹುಳಿ ತಾಳದ ನಾರಿನ ಕೆಲಸಗಾರರು ರಾಶಿರಾಶಿಯಾಗಿ ಸಾಯುತ್ತಾರೆ. ಸತ್ತವುಗಳ ಗೋಡೆಯಿಂದ ಬಿಡುಗಡೆಯಾದ ವಿಷ, ಆಮ್ಲದಿಂದ ಬೆಂದ ಕರುಳಿನ ಮೂಲಕ ರಕ್ತಕ್ಕೆ ನುಗ್ಗುತ್ತದೆ. ಗೊರಸಿನೊಳಗೆ ಮೂಳೆಯನ್ನು ಗೊರಸಿನ ಗೋಡೆಗೆ ಹಿಡಿದಿಟ್ಟ ಎಳೆಎಳೆಯಾದ ಪದರವೊಂದಿದೆ. ಅದು ಉರಿಯೂತಕ್ಕೆ ಸಿಕ್ಕಿ ಸಡಿಲವಾಗುತ್ತದೆ. ಲ್ಯಾಮಿನೈಟಿಸ್ ಎಂದು ಅದರ ಹೆಸರು. ಹೊಟ್ಟೆಯಲ್ಲಿ ಕೆಟ್ಟದ್ದು ಕಾಲಿನಲ್ಲಿ ಕಾಣುವುದು ಹೀಗೆ. ಮುತ್ಯಾ, ಅದು ದೃಷ್ಟಿಯಲ್ಲ. ನಿನ್ನ ಪ್ರೀತಿಯ ಅಳತೆ ಆ ಕರುಳಿಗೆ ದೊಡ್ಡದಾಯಿತು, ಅಷ್ಟೇ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಹುಡುಗ ತೋರಿಸಿದ ಡಬ್ಬಿಯ ಮೇಲಿದ್ದ ಹೆಸರು ಲ್ಯಾಕ್ಟೊಬ್ಯಾಸಿಲಸ್. ನಮ್ಮ ಮೊಸರು, ಮಜ್ಜಿಗೆಯಿಂದ ಪರಿಚಯವಾದ ಬಳಗ. ಚಂದ್ರಿಯ ಕರುಳನ್ನು ಹುಳಿ ಮಾಡಿದ ಗುಂಪಿನಲ್ಲಿಯೂ ಅದೇ ಬಳಗದವು ಇದ್ದವು. ಹಾಗಾದರೆ ಅವು ಕೆಟ್ಟವೇ? ಅಲ್ಲ. ಆರೋಗ್ಯವಂತ ಕುದುರೆಯ ಜಠರದಲ್ಲಿ, ಸಣ್ಣ ಕರುಳಿನಲ್ಲಿ ಅವಕ್ಕೆ ತಮ್ಮದೇ ಜಾಗವಿದೆ, ತಮ್ಮದೇ ಕೆಲಸವಿದೆ. ಒಳ್ಳೆಯದು, ಕೆಟ್ಟದ್ದು ಎಂಬ ಗುಣ ಬ್ಯಾಕ್ಟೀರಿಯಾದ ಹೆಸರಿನಲ್ಲಿ ಇರುವುದಿಲ್ಲ. ಯಾವ ತಳಿ, ಯಾವ ಪ್ರಾಣಿ, ಕರುಳಿನ ಯಾವ ಭಾಗ, ಆ ಹೊತ್ತಿಗೆ ಅಲ್ಲಿ ಯಾವ ಮೇವು ಇದೆ ಎನ್ನುವುದೆಲ್ಲ ಕೂಡಿ ಅದನ್ನು ತೀರ್ಮಾನಿಸುತ್ತವೆ. ಜೀನೋಮ್ ಓದುವ ಕೆಲಸ ನಮಗೆ ಬೇಕಾಗಿರುವುದು ಇದಕ್ಕೇ.

ಓದುವುದು ಎಂದರೆ ಏನು? ಪ್ರತಿ ಜೀವಕೋಶದೊಳಗೂ ಡಿಎನ್ಎ ಎಂಬ ಎಳೆಯಿದೆ. ಅದರಲ್ಲಿ ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳು ಬೇರೆಬೇರೆ ಸರದಿಯಲ್ಲಿ ಕೂತಿವೆ. ಆ ಸರದಿಯನ್ನು ಮೊದಲಿನಿಂದ ಕೊನೆಯತನಕ ಬರೆದಿಟ್ಟುಕೊಳ್ಳುವುದೇ ಜೀನೋಮ್ ಸೀಕ್ವೆನ್ಸಿಂಗ್. ಸ್ವತಂತ್ರವಾಗಿ ಬದುಕುವ ಜೀವಿಯೊಂದರ ಪೂರ್ತಿ ಸರದಿಯನ್ನು ಮೊದಲ ಸಲ ಓದಿದ್ದು 1995ರಲ್ಲಿ, ಹೀಮೊಫಿಲಸ್ ಇನ್‌ಫ್ಲುಯೆಂಜೆ ಎಂಬ ಬ್ಯಾಕ್ಟೀರಿಯಾದ್ದು. ಸುಮಾರು 18 ಲಕ್ಷ ಅಕ್ಷರ. ಲ್ಯಾಕ್ಟೊಬ್ಯಾಸಿಲಸ್ ಬಳಗದವುಗಳದ್ದೂ ಹೆಚ್ಚುಕಡಿಮೆ 20 ಲಕ್ಷದ ಆಸುಪಾಸು. ನೀವು ಓದುತ್ತಿರುವ ಈ ಅಂಕಣದಲ್ಲಿ ಇಪ್ಪತ್ತು ಸಾವಿರ ಅಕ್ಷರ ಇವೆ ಎಂದುಕೊಂಡರೆ, ಒಂದು ಬ್ಯಾಕ್ಟೀರಿಯಾವನ್ನು ಅಚ್ಚು ಹಾಕಲು ವಾರಕ್ಕೊಂದರಂತೆ ಎರಡು ವರ್ಷ ಬೇಕು. ಕುದುರೆಯ ಸ್ವಂತ ಜೀನೋಮ್ 270 ಕೋಟಿ ಅಕ್ಷರ. ಟ್ವೈಲೈಟ್ ಎಂಬ ಥರೋಬ್ರೆಡ್ ಹೆಣ್ಣು ಕುದುರೆಯದನ್ನು ಓದಿ 2009ರಲ್ಲಿ ಪ್ರಕಟಿಸಿದರು. ಅದನ್ನು ಈ ಅಂಕಣದಲ್ಲಿ ಅಚ್ಚು ಹಾಕುವುದಾದರೆ ಎರಡೂವರೆ ಸಾವಿರ ವರ್ಷ ದಾಟುತ್ತದೆ.

ಎಳೆಯನ್ನು ಯಾವ ಯಂತ್ರವೂ ಒಂದೇ ಉಸಿರಿಗೆ ಓದುವುದಿಲ್ಲ. ಒಂದೇ ನಮೂನೆಯ ನೂರು ಇಳಕಲ್ ಸೀರೆಗಳನ್ನು ಮನ ಬಂದ ಕಡೆ ಹರಿದು ಚೂರು ಮಾಡಿ ಗುಡ್ಡೆ ಹಾಕಿದ್ದಾರೆ ಎಂದುಕೊಳ್ಳಿ. ಒಂದು ಚೂರಿನ ಕೊನೆಯಲ್ಲಿರುವ ಚಿಕ್ಕಿಪರಾಸು ಅಂಚು ಮತ್ತೊಂದು ಚೂರಿನ ಮೊದಲಲ್ಲೂ ಇದ್ದರೆ ಎರಡನ್ನೂ ಒಂದರ ಮೇಲೊಂದು ಕೂಡಿಸಬಹುದು. ಕೌದಿ ಹೊಲಿಯುವ ಅವ್ವಂದಿರಿಗೆ ಈ ಕೆಲಸದ ತಾಳ್ಮೆ ಎಷ್ಟು ಬೇಕೆಂದು ಗೊತ್ತು. ಹಾಗೆ ಕೂಡಿಸುತ್ತ ಹೋದರೆ ಕೊನೆಗೆ ಒಂದು ಇಡೀ ಸೀರೆ ಸಿಗುತ್ತದೆ. ಡಿಎನ್ಎಯನ್ನು ಚೂರು ಮಾಡಿ, ಒಂದೊಂದರಲ್ಲಿ ನೂರೈವತ್ತೋ ಇನ್ನೂರೋ ಅಕ್ಷರ ಓದಿ, ಕೂಡಿಸುವ ಕೆಲಸವನ್ನು ಕಂಪ್ಯೂಟರ್ ಮಾಡುತ್ತದೆ. ಸಾವಿರಾರು ಅಕ್ಷರಗಳ ಉದ್ದದ ಎಳೆಯನ್ನು ಓದುವ ನ್ಯಾನೊಪೋರ್ ಯಂತ್ರಗಳೂ ಈಗಿವೆ. ಅವುಗಳಲ್ಲಿ ಒಂದು ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು.

ಕೂಡಿಸಿದ ಸೀರೆಯಲ್ಲಿ ಏನು ನೋಡುತ್ತಾರೆ? ನಾರು ಒಡೆಯುವ ಕಿಣ್ವದ ಜೀನ್ ಇದೆಯೇ, ಜಠರದ ಆಮ್ಲ, ಪಿತ್ತರಸ ದಾಟಿ ಬದುಕುವ ಸಾಮಗ್ರಿ ಇದೆಯೇ, ಯಾವ ಬಗೆಯ ಲ್ಯಾಕ್ಟಿಕ್ ಆಮ್ಲ ಮಾಡುತ್ತದೆ, ವಿಷ ತಯಾರಿಸುವ ಜೀನ್ ಏನಾದರೂ ಅಡಗಿದೆಯೇ. ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಬೇರೊಂದು. ಆಂಟಿಬಯೋಟಿಕ್‌ಗೆ ಜಗ್ಗದಂತೆ ಮಾಡುವ ಜೀನ್ ಆ ಬ್ಯಾಕ್ಟೀರಿಯಾದಲ್ಲಿ ಇದೆಯೇ, ಇದ್ದರೆ ಅದು ಪಕ್ಕದ ಬ್ಯಾಕ್ಟೀರಿಯಾಕ್ಕೆ ದಾಟಿ ಹೋಗಬಲ್ಲ ತುಣುಕಿನ ಮೇಲೆ ಕೂತಿದೆಯೇ? ಒಳ್ಳೆಯದೆಂದು ನಾವೇ ಡಬ್ಬಿಯಿಂದ ತಿನ್ನಿಸಿದ ಬ್ಯಾಕ್ಟೀರಿಯಾ ಹೊಟ್ಟೆಯೊಳಗೆ ರೋಗಾಣುವಿಗೆ ಆಯುಧ ದಾಟಿಸಬಾರದಲ್ಲ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರ ಮಾರ್ಗಸೂಚಿಯಲ್ಲಿ ಪಶು ಆಹಾರಕ್ಕೆ ಸೇರಿಸುವ ಬ್ಯಾಕ್ಟೀರಿಯಾದ ಪೂರ್ತಿ ಜೀನೋಮ್ ಸಲ್ಲಿಸಬೇಕೆಂದು ಕೇಳಿದ್ದು ಈ ಕಾರಣಕ್ಕಾಗಿಯೇ. ಹಾಗಾಗಿ ಡಬ್ಬಿಯ ಮೇಲೆ ಜೀನೋಮ್ ಓದಿದೆ ಎಂದು ಬರೆದಿದ್ದರೆ ಅದು ಸುಳ್ಳು ಬಡಾಯಿ ಆಗಿರಲೇಬೇಕೆಂದಿಲ್ಲ. ಅದು ಒಳ್ಳೆಯ ಲಕ್ಷಣ. ಈ ಬ್ಯಾಕ್ಟೀರಿಯಾ ಯಾರು, ಇದರ ಗಂಟಿನಲ್ಲಿ ಏನೇನಿದೆ ಎಂಬಷ್ಟು ಮಾತಿಗೆ ಅದು ಸಾಕ್ಷಿ. ಕುದುರೆಗೆ ಗುಣ ಮಾಡುತ್ತದೆ ಎಂಬುದಕ್ಕೆ ಸಾಕ್ಷಿಯಲ್ಲ.

ಇದಕ್ಕೆ ಕೆನಡಾದ ಒಂದು ಪ್ರಯೋಗವನ್ನು ನಾನು ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಹೇಳುತ್ತಿದ್ದೆ. ಗ್ವೆಲ್ಫ್ ವಿಶ್ವವಿದ್ಯಾಲಯದ ಪಶುವೈದ್ಯ ಸ್ಕಾಟ್ ವೀಸ್ ಮತ್ತು ಜೊತೆಯವರು ಆರೋಗ್ಯವಂತ ಕುದುರೆಯಿಂದಲೇ ಲ್ಯಾಕ್ಟೊಬ್ಯಾಸಿಲಸ್ ಪೆಂಟೋಸಸ್ ಡಬ್ಲ್ಯುಇ7 ಎಂಬ ತಳಿಯನ್ನು ಆರಿಸಿದರು. ಪ್ರಯೋಗಾಲಯದಲ್ಲಿ ಅದು ಎಲ್ಲ ಪರೀಕ್ಷೆಯನ್ನೂ ಗೆದ್ದಿತು. ಆಮ್ಲಕ್ಕೆ ಹೆದರಲಿಲ್ಲ, ರೋಗಾಣುಗಳನ್ನು ತಡೆಯಿತು. ಹುಟ್ಟಿದ ಮರಿಗಳಿಗೆ ಭೇದಿ ಬಾರದಂತೆ ಇದನ್ನು ಕೊಡೋಣ ಎಂದು ಒಂದು ಗುಂಪಿಗೆ ಬ್ಯಾಕ್ಟೀರಿಯಾ, ಇನ್ನೊಂದಕ್ಕೆ ಬರೀ ತೋರಿಕೆಯ ಮದ್ದು ಕೊಟ್ಟು ನೋಡಿದರು. 2005ರಲ್ಲಿ ಬಂದ ಫಲಿತಾಂಶ ತಿರುಗುಮುರುಗಾಗಿತ್ತು. ಬ್ಯಾಕ್ಟೀರಿಯಾ ಕುಡಿದ ಮರಿಗಳಿಗೇ ಭೇದಿ ಹೆಚ್ಚು, ವೈದ್ಯರನ್ನು ಕರೆಯಬೇಕಾಗಿ ಬಂದದ್ದೂ ಹೆಚ್ಚು. ತಾವೇ ಆರಿಸಿ ಬೆಳೆಸಿದ ತಳಿ ಸೋತಿತೆಂದು ಅವರು ಮುಚ್ಚಿಡದೆ ಪ್ರಕಟಿಸಿದರು. ಆ ಪ್ರಾಮಾಣಿಕತೆಗೆ ನನ್ನ ಮನಸ್ಸಿನಲ್ಲಿ ಇವತ್ತಿಗೂ ಗೌರವವಿದೆ. ಪ್ರಾಣಿಗಳಿಗೆಂದು ಮಾರುವ ಪ್ರೋಬಯಾಟಿಕ್ ಡಬ್ಬಿಗಳನ್ನು ತೆಗೆದು ಪರೀಕ್ಷಿಸಿ, ಚೀಟಿಯಲ್ಲಿ ಬರೆದದ್ದಕ್ಕೂ ಒಳಗಿರುವುದಕ್ಕೂ ಎಷ್ಟೋ ಕಡೆ ತಾಳೆಯಿಲ್ಲ ಎಂದು ತೋರಿಸಿದವರೂ ಅವರೇ.

ಇನ್ನು ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ಡಬ್ಬಿಗಳಲ್ಲಿ ಮತ್ತೆಮತ್ತೆ ಕಾಣುವುದು ಲ್ಯಾಕ್ಟೊಬ್ಯಾಸಿಲಸ್ ಬಳಗ, ಬೈಫಿಡೊ, ಎಂಟರೊಕಾಕಸ್, ಯೀಸ್ಟ್. ಯಾಕೆ ಅವೇ? ಒಣಗಿಸಿ ಪುಡಿ ಮಾಡಿದರೂ, ಅಂಗಡಿಯ ಕಪಾಟಿನಲ್ಲಿ ತಿಂಗಳು ಕೂತರೂ ಅವು ಬದುಕಿ ಉಳಿಯುತ್ತವೆ, ಬೆಳೆಸುವುದೂ ಸುಲಭ. ಹಂಡೆಯಲ್ಲಿ ಹಗಲಿರುಳು ನಾರು ಒಡೆಯುವ ರೂಮಿನೊಕಾಕಸ್, ಫೈಬ್ರೊಬ್ಯಾಕ್ಟರ್, ಲ್ಯಾಕ್ನೊಸ್ಪೈರೇಸೀ ಮನೆತನದವು, ಗಾಳಿ ಸೋಕದ ಕತ್ತಲಲ್ಲಿ ಬದುಕುವ ಶಿಲೀಂಧ್ರಗಳು, ಇವು ಯಾವುವೂ ಅಂಥವಲ್ಲ. ಆಮ್ಲಜನಕ ತಾಗಿದರೆ ಸಾಯುತ್ತವೆ. ಅವುಗಳಲ್ಲಿ ಬಹಳಷ್ಟನ್ನು ಇನ್ನೂ ಯಾರೂ ಪ್ರಯೋಗಾಲಯದಲ್ಲಿ ಬೆಳೆಸಿಲ್ಲ. ಮಾರಾಟಕ್ಕೆ ಬಂದಿರುವುದು ಡಬ್ಬಿಯಲ್ಲಿ ಬದುಕಬಲ್ಲವು. ಹೊಟ್ಟೆಯಲ್ಲಿ ದುಡಿಯುವವರು ಬೇರೆ. ಜೀನೋಮ್ ಓದುವ ವಿದ್ಯೆಯ ದೊಡ್ಡ ಉಪಕಾರ ಇಲ್ಲಿದೆ. ಬೆಳೆಸಲಾಗದಿದ್ದರೇನಂತೆ, ಹಸಿ ಲದ್ದಿಯಿಂದ ನೇರವಾಗಿ ಡಿಎನ್ಎ ತೆಗೆದು, ಎಲ್ಲರ ಚೂರುಗಳೂ ಬೆರೆತ ಗುಡ್ಡೆಯಿಂದ ಒಬ್ಬೊಬ್ಬರದನ್ನೇ ಬೇರ್ಪಡಿಸಿ ಕೂಡಿಸಬಹುದು. ನೂರು ನಮೂನೆಯ ಸೀರೆಗಳ ಚೂರು ಒಂದೇ ಗುಡ್ಡೆಯಲ್ಲಿ ಬಿದ್ದಿದ್ದರೂ ಬಣ್ಣ, ನೂಲು, ಅಂಚು ನೋಡಿ ವಿಂಗಡಿಸಿದ ಹಾಗೆ. ಯಾರೂ ಕಣ್ಣಲ್ಲಿ ಕಾಣದ, ಹೆಸರಿಲ್ಲದ ಕೆಲಸಗಾರರು ಹೀಗೆ ಪಟ್ಟಿಗೆ ಬರುತ್ತಿದ್ದಾರೆ.

ಹೆಸರಿನ ಮಾತು ಬಂತು. ಕುದುರೆಯದೇ ಆದ ಲ್ಯಾಕ್ಟೊಬ್ಯಾಸಿಲಸ್‌ಗಳನ್ನು ಹುಡುಕಿ ಹೆಸರಿಟ್ಟವರಲ್ಲಿ ಜಪಾನಿನವರು ಮುಂದು. 2002ರಲ್ಲಿ ಕುದುರೆಯ ಲದ್ದಿಯಿಂದ ಸಿಕ್ಕಿದ್ದು ಲ್ಯಾಕ್ಟೊಬ್ಯಾಸಿಲಸ್ ಈಕ್ವಿ. ಕುದುರೆಯದು ಎಂದೇ ಅದರ ಅರ್ಥ. 2007ರಲ್ಲಿ ಹಯಕಿಟೆನ್ಸಿಸ್, ಹೊಕ್ಕೈಡೊ ದ್ವೀಪದ ಹಯಕಿಟ ಎಂಬ ಊರಿನ ಹೆಸರಿನಲ್ಲಿ. 2008ರಲ್ಲಿ ಈಕ್ವಿಜೆನೆರೋಸಿ, 2010ರಲ್ಲಿ ಈಕ್ವಿಕರ್ಸೋರಿಸ್. ಕೊನೆಯ ಹೆಸರಿನಲ್ಲಿ ಓಡುವವನು ಎಂಬ ಮಾತು ಅಡಗಿದೆ. 2020ರಲ್ಲಿ ಲ್ಯಾಕ್ಟೊಬ್ಯಾಸಿಲಸ್ ಕುಲದ 261 ಪ್ರಭೇದಗಳ ಜೀನೋಮ್‌ಗಳನ್ನು ಹೋಲಿಸಿ ನೋಡಿದಾಗ, ಒಂದೇ ಕುಲ ಎಂದುಕೊಂಡದ್ದು ಒಂದಲ್ಲ ಎಂದು ತಿಳಿದು, 25 ಕುಲಗಳಾಗಿ ಒಡೆದರು. ಅವುಗಳಲ್ಲಿ 23 ಹೊಸವು. ಈಕ್ವಿ ಈಗ ಲಿಗಿಲ್ಯಾಕ್ಟೊಬ್ಯಾಸಿಲಸ್. ಡಬ್ಬಿಗಳ ಮೇಲೆ ಹಳೆಯ ಹೆಸರೂ ಹೊಸ ಹೆಸರೂ ಕಂಡು ಗೊಂದಲವಾಯಿತೆಂದು ಧಾರವಾಡದ ಹುಡುಗಿ ಬರೆದಿದ್ದಳು. ಅದಕ್ಕೆ ಕಾರಣ ಇದು.

ಆ ನಾಲ್ಕು ಹೆಸರುಗಳಲ್ಲಿ ಕೊನೆಯ ಮೂರೂ ಥರೋಬ್ರೆಡ್ ಕುದುರೆಗಳಿಂದ ಬಂದವು. ಥರೋಬ್ರೆಡ್ ಎಂದರೆ ಓಟದ ಕುದುರೆ. ನಮ್ಮಲ್ಲಿ ಬೆಂಗಳೂರು, ಮೈಸೂರಿನ ರೇಸ್ ಕೋರ್ಸುಗಳಲ್ಲಿ ಓಡುವುದು, ಟಿಪ್ಪುವಿನ ಕಾಲಕ್ಕೆ ಬೇರಿರುವ ಕುಣಿಗಲ್ ಕುದುರೆ ಫಾರಂ ಬೆಳೆಸಿಕೊಂಡು ಬಂದದ್ದು ಅದೇ ತಳಿ. ಅಳೆದು ಕೊಟ್ಟ ಓಟ್ಸ್, ಒಳ್ಳೆಯ ಒಣಹುಲ್ಲು, ಲಾಯದಲ್ಲೇ ವೈದ್ಯರು. ಅವುಗಳ ಮೇಲೆ ನಡೆದ ಕೆಲಸ ವ್ಯರ್ಥ ಎಂದು ನಾನು ಹೇಳುತ್ತಿಲ್ಲ, ಮೊದಲ ದೀಪ ಹಚ್ಚಿದ್ದೇ ಅದು. ಆದರೆ ಮೇವು ಬದಲಾದರೆ ಹಂಡೆಯ ಜನ ಬದಲಾಗುತ್ತಾರೆ. ತಾರಿಹಾಳದ ಹೊಲದಲ್ಲಿ ನಿಂತ ಕುದುರೆ ತಿನ್ನುವುದು ಬದುವಿನ ಗರಿಕೆ, ಕೊಯ್ದ ಹೊಲದ ಕೂಳೆ, ಬೇಲಿಯ ಮುಳ್ಳಿನ ನಡುವಿನ ಚಿಗುರು, ಕುರಿ ಬಿಟ್ಟದ್ದು. ಇವತ್ತು ಎರೆ ಸೀಮೆ, ಇನ್ನು ಹದಿನೈದು ದಿನಕ್ಕೆ ಮಲೆನಾಡಿನ ಸೆರಗು. ವರ್ಷಕ್ಕೆ ನೂರಾರು ಹರದಾರಿ ನಡೆದು, ಕಸುವಿಲ್ಲದ ಮೇವಿನಿಂದ ಇಡೀ ಮನೆ ಹೊರುವ ಬಲ ತೆಗೆಯುವ ಆ ಹಂಡೆಯಲ್ಲಿ ಯಾರು ದುಡಿಯುತ್ತಿದ್ದಾರೆ? ನನ್ನ ಕಣ್ಣಿಗೆ ಅವರೇ ಓದಿಸಿಕೊಳ್ಳಬೇಕಾದ ಮೊದಲಿಗರು. ನಾರನ್ನು ಕೊನೆಯ ಎಳೆಯವರೆಗೆ ಒಡೆಯಬಲ್ಲ ಕಿಣ್ವ ಸಿಕ್ಕರೆ ಅದರಿಂದ ಕುದುರೆಗಷ್ಟೇ ಅಲ್ಲ, ದನದ ಮೇವಿಗೂ ಉಪಯೋಗ.

ಸಮಯ ಬಹಳ ಇಲ್ಲ. 2019ರ ಜಾನುವಾರು ಗಣತಿಯಲ್ಲಿ ದೇಶದ ಕುದುರೆಗಳು, ಟಟ್ಟುಗಳು ಒಟ್ಟು 3.4 ಲಕ್ಷ. ಹಿಂದಿನ 2012ರ ಗಣತಿಗಿಂತ ಶೇ. 45.6 ಕಡಿಮೆ. ಏಳು ವರ್ಷದಲ್ಲಿ ಹತ್ತಿರ ಹತ್ತಿರ ಅರ್ಧ ಹೋದವು. ಕುದುರೆ ಹೋದರೆ ಅದರ ಹೊಟ್ಟೆಯಲ್ಲಿ ತಾಯಿಯಿಂದ ಮರಿಗೆ ಇಳಿದು ಬಂದ ಬ್ಯಾಕ್ಟೀರಿಯಾಗಳ ಬಳಗವೂ ಹೋಗುತ್ತದೆ. ಒಂದು ಸಮಾಧಾನದ ಸಂಗತಿಯೂ ಇದೆ. ಮಹಾರಾಷ್ಟ್ರದ ಧನಗರ ಕುರಿಗಾರರ ಜೊತೆ ನಡೆಯುವ ಭೀಮಥಡಿ ಕುದುರೆಯನ್ನು ಕರ್ನಾಲದ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೊ ಈಚೆಗೆ ಸ್ವತಂತ್ರ ತಳಿಯೆಂದು ದಾಖಲಿಸಿಕೊಂಡಿತು. ಭೀಮಾ ನದಿಯ ತಡಿ ಎನ್ನುವ ಅರ್ಥ ಕನ್ನಡಿಗರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಆ ನದಿ ಹರಿದು ಬರುವುದು ನಮ್ಮ ವಿಜಯಪುರ, ಕಲಬುರಗಿಗೇ. ನಮ್ಮ ಕುರುಬರ ಕುದುರೆಗಳಲ್ಲಿಯೂ ಅದೇ ದಖ್ಖನಿನ ನೆತ್ತರು ಇರಬಹುದು. ಕುದುರೆಯ ತಳಿಗೆ ಹೆಸರು ಸಿಕ್ಕ ಮೇಲೆ ಅದರ ಹೊಟ್ಟೆಯ ಬಳಗಕ್ಕೂ ಸಿಗಲಿ ಎಂದು ಕೇಳುವುದು ಅತಿಯಾಸೆಯಲ್ಲ. ಹಿಸಾರಿನಲ್ಲಿ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರವಿದೆ, ಪಶುಗಳ ಸೂಕ್ಷ್ಮಜೀವಿಗಳನ್ನು ಕಾಪಿಡುವ ರಾಷ್ಟ್ರೀಯ ಸಂಗ್ರಹವೂ ಅಲ್ಲಿಯೇ. ಬೆಂಗಳೂರಿನ ಆಡುಗೋಡಿಯಲ್ಲಿ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆ ಮೆಲುಕು ಚೀಲದ ಸೂಕ್ಷ್ಮಜೀವಿಗಳ ಮೇಲೆ ದುಡಿಯುತ್ತಿದೆ. ತಾರಿಹಾಳದಿಂದ ಬಸ್ಸು ಹತ್ತಿದರೆ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಡಿಎನ್ಎ ಕೆಲಸ ಬಲ್ಲವರಿದ್ದಾರೆ. ಒಂದು ಬ್ಯಾಕ್ಟೀರಿಯಾದ ಜೀನೋಮ್ ಓದಲು ಇಂದು ಲಕ್ಷಗಳು ಬೇಕಿಲ್ಲ, ಸಾವಿರಗಳಲ್ಲಿ ಆಗುತ್ತದೆ. ಹಯಕಿಟೆನ್ಸಿಸ್ ಇರುವ ಪಟ್ಟಿಯಲ್ಲಿ ಒಂದು ದಿನ ತಾರಿಹಾಳೆನ್ಸಿಸ್ ಎಂದು ಓದಬೇಕು ಎಂಬ ಆಸೆ ನನಗಿದೆ.

ಅಲ್ಲಿಯವರೆಗೆ ಹುಡುಗನಿಗೆ ಏನು ಹೇಳುವುದು? ಹೇಳಿದ್ದನ್ನು ಇಲ್ಲಿಯೂ ಬರೆಯುತ್ತೇನೆ, ಮೆರವಣಿಗೆ ಕುದುರೆಯವರೂ ಓದಲಿ. ಮೇವು ಬದಲಿಸುವುದಿದ್ದರೆ ಹತ್ತು ಹದಿನೈದು ದಿನ ಹಿಡಿದು, ಹಳೆಯದರಲ್ಲಿ ಹೊಸದನ್ನು ಬೆರೆಸುತ್ತ ಬದಲಿಸಿ. ಹಂಡೆಯ ಜನಕ್ಕೆ ಹೊಂದಿಕೊಳ್ಳಲು ಅಷ್ಟು ದಿನ ಬೇಕು. ಮೊದಲು ನಾರು, ಆಮೇಲೆ ಕಾಳು, ಕಾಳನ್ನು ಕೊಟ್ಟರೂ ಸ್ವಲ್ಪಸ್ವಲ್ಪವಾಗಿ ಎರಡು ಮೂರು ಸಲಕ್ಕೆ. ಮದುವೆ ಮನೆಯವರು ಪ್ರೀತಿಯಿಂದ ತಂದುಕೊಡುವ ಬೂಂದಿ, ಅನ್ನ, ಹುಗ್ಗಿಯನ್ನು ಕೈಮುಗಿದು ಬೇಡವೆನ್ನಿ. ನೀರು ತಪ್ಪಿಸಬೇಡಿ. ಕೋಳಿ ಫಾರಂನ ಮೇವನ್ನಂತೂ ಕುದುರೆಯ ಹತ್ತಿರ ಸುಳಿಯಗೊಡಬೇಡಿ. ಅದರಲ್ಲಿ ಬೆರೆಸುವ ಮೊನೆನ್ಸಿನ್ ಎಂಬ ಮದ್ದು ಕೋಳಿಗೆ ರಕ್ಷೆ, ಕುದುರೆಯ ಎದೆಗೆ ಮಾರಿ. ಕೋಳಿಗೆ ಏನೂ ಮಾಡದ ಅಳತೆ ಕುದುರೆಯನ್ನು ಕೊಲ್ಲುತ್ತದೆ. ದನಕ್ಕೆಂದು ತಂದ ಆಂಟಿಬಯೋಟಿಕ್ ಉಳಿದಿದೆ ಎಂದು ಕುದುರೆಗೆ ಕೊಡುವುದೂ ಹಾಗೆಯೇ. ಲಿಂಕೊಮೈಸಿನ್‌ನಂಥವು ಹಂಡೆಯ ಬಳಗವನ್ನು ಒರಸಿ ಹಾಕಿ, ಕ್ಲಾಸ್ಟ್ರಿಡಿಯಂ ಹೆಚ್ಚಿ, ಪ್ರಾಣ ಹೋಗುವಷ್ಟು ಭೇದಿ ತರುತ್ತವೆ. ಶೂಲೆ ಬಂದಾಗ ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ ಎಂಬುದನ್ನು ನೆನಪಿಡಿ. ಬಾಯಿಗೆ ಏನನ್ನೂ ಹೊಯ್ಯದೆ ಪಶುವೈದ್ಯರನ್ನು ಕರೆಯಿರಿ. ಡಬ್ಬಿಯನ್ನು ಕೊಳ್ಳುವ ಮುಂಚೆಯೂ ಅವರನ್ನೇ ಕೇಳಿ. ಯಾವ ತಳಿ, ಯಾವ ಪ್ರಾಣಿಯ ಮೇಲೆ ಪರೀಕ್ಷೆಯಾಗಿದೆ, ಕುದುರೆಗೆ ಕೊಟ್ಟು ನೋಡಿದ್ದಾರೆಯೇ ಎಂಬ ಮೂರು ಪ್ರಶ್ನೆಗೆ ಡಬ್ಬಿ ಮಾರುವವರು ಉತ್ತರ ಕೊಡಲೇಬೇಕು. ಹುಡುಗ ಎಲ್ಲ ಕೇಳಿಸಿಕೊಂಡು, "ಹಂಗಂದ್ರ ಈಗ ಬ್ಯಾಡ್ರಿ" ಎಂದ. ನಾನೂ ಹೌದೆಂದೆ.

ನಾವು ಮಾತಾಡುತ್ತಿದ್ದಾಗ ಶೂಲೆ ಬಂದಿದ್ದ ಆ ಕುದುರೆಯ ಮರಿ, ತಿಂಗಳೂ ತುಂಬಿರಲಿಕ್ಕಿಲ್ಲ, ತಾಯಿ ಆಗಷ್ಟೇ ಹಾಕಿದ ಲದ್ದಿಯ ಹತ್ತಿರ ಬಂದು ಮೂಸಿ, ಒಂದು ತುಣುಕನ್ನು ಬಾಯಿಗೆ ತೆಗೆದುಕೊಂಡಿತು. ಹುಡುಗನ ತಂಗಿ ಓಡಿಬಂದು ಅಟ್ಟಲು ಕೈಯೆತ್ತಿದಳು. ಗುಡಾರದ ನೆರಳಲ್ಲಿ ಕೂತಿದ್ದ ಅವರ ಅಮ್ಮ, ವಯಸ್ಸಾದಾಕೆ, ಅಲ್ಲಿಂದಲೇ ಕೂಗಿದಳು: "ಬಿಡವಾ, ತಿನ್ನಲಿ. ತಾಯಿ ಲದ್ದಿ ತಿಂದ ಮರಿ ಗಟ್ಟಿ ಆಕ್ಕೈತಿ." ಮರಿ ಹುಟ್ಟುವಾಗ ಅದರ ಹಂಡೆ ಬರಿದು. ನಾರಿನ ಕೆಲಸಗಾರರನ್ನು ಅದು ತಾಯಿಯಿಂದ, ನೆಲದಿಂದ, ಹೀಗೆ ಒಂದೊಂದು ತುಣುಕಾಗಿ ಪಡೆಯುತ್ತದೆ. ಹುಳುಗಳೂ ಅದೇ ದಾರಿಯಲ್ಲಿ ಬರುವುದರಿಂದ ತಾಯಿಗೆ ಜಂತಿನ ಮದ್ದು ತಪ್ಪಬಾರದು ಎಂದಷ್ಟೇ ನಾನು ಸೇರಿಸಿದೆ. ಆಕೆ ತಲೆಯಾಡಿಸಿದಳು.

ಮರುದಿನ ಬೆಳಗಾಗುವಷ್ಟರಲ್ಲಿ ಅವರು ಕಲಘಟಗಿಯ ಕಡೆ ಹೊರಟುಹೋಗಿದ್ದರು. ಹೊಲದಲ್ಲಿ ಮೂರು ಕಲ್ಲಿನ ಒಲೆ, ಕುರಿ ಹಿಕ್ಕೆ, ಒಂದಿಷ್ಟು ಲದ್ದಿ ಉಳಿದಿತ್ತು. ನಾನು ಮನೆಗೆ ಬಂದು ಧಾರವಾಡದ ಹುಡುಗಿಗೆ ಉತ್ತರ ಬರೆದೆ. ಮುಂದಿನ ಸುಗ್ಗಿಗೆ ಅವರು ಮತ್ತೆ ಇದೇ ಹೊಲಕ್ಕೆ ಬರುತ್ತಾರೆ, ನಿನ್ನ ಮೇಷ್ಟರನ್ನು ಒಪ್ಪಿಸಿ ಬಾ, ಬರುವಾಗ ಬಿಗಿ ಮುಚ್ಚಳದ ಸೀಸೆಗಳನ್ನೂ ಐಸ್ ತುಂಬಿದ ಪೆಟ್ಟಿಗೆಯನ್ನೂ ತಾ, ಅಮ್ಮನ ಹತ್ತಿರ ಕೇಳಿ ಲದ್ದಿ ಕೊಡಿಸುವ ಕೆಲಸ ನನ್ನದು.